ಕಿತ್ತುಕೊಂಡ ಪಟ್ಟ, ಮತ್ತೆ ಗೆದ್ದ ಪಟ್ಟ

ಈ ಪಾಠದಲ್ಲಿ ನಾವು ಒಂದು ಆಟದ ಕತೆ ಓದೋಣ. ಇದು ಕಟ್ಟುಕತೆ ಅಲ್ಲ. ನಿಜವಾಗಿ ನಡೆದದ್ದು. ನಡೆದ ಜಾಗ ದೂರದ ಅಮೆರಿಕ ದೇಶ. ನಡೆದ ಕಾಲ 1971ರಿಂದ 1974ರವರೆಗೆ.

"ಆಟದ ಕತೆ ನಮಗೆ ಯಾಕೆ? ಆಟ ಆಡೋದು ಹುಡುಗರು. ನಮಗೆ ಮನೆ ಇದೆ, ಮಕ್ಕಳಿದ್ದಾರೆ, ಹೊಲದ ಕೆಲಸ ಇದೆ" ಅಂತ ನೀವು ಅನ್ನಬಹುದು. ಸ್ವಲ್ಪ ತಾಳಿ. ಇದರಲ್ಲಿ ಆಟವೂ ಇದೆ, ಅಕ್ಷರವೂ ಇದೆ. ಗೆದ್ದವರ ಕೈಯಿಂದ ಗೆಲುವು ಜಾರಿಹೋದ ಸಂಗತಿ ಇದೆ. ಅದು ಹೋದ ಮೇಲೆ ಅವರು ಏನು ಮಾಡಿದರು ಎಂಬುದೂ ಇದೆ.

ನಿಧಾನವಾಗಿ ಓದಿ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿದರೂ ಸರಿ. ಗೊತ್ತಾಗದ ಪದಗಳ ಅರ್ಥ ಪಾಠದ ಕೊನೆಯಲ್ಲಿದೆ.

1. ಆಟ ಯಾವುದು?

ಆಟದ ಹೆಸರು ಫುಟ್‌ಬಾಲ್. ಪುಸ್ತಕದಲ್ಲಿ ಇದನ್ನು ಕಾಲ್ಚೆಂಡು ಅಂತ ಬರೀತಾರೆ. ಅಮೆರಿಕದ ಜನ ಇದನ್ನು ಸಾಕರ್ ಅಂತ ಕರೀತಾರೆ. ಯಾಕೆಂದರೆ ಅಲ್ಲಿ ಫುಟ್‌ಬಾಲ್ ಅನ್ನೋ ಹೆಸರಿನ ಬೇರೆಯೇ ಒಂದು ಆಟ ಇದೆ.

ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರ ಕಡೆ ಈ ಆಟ ಅಂದರೆ ಮಕ್ಕಳಿಗೆ ಪ್ರಾಣ. ನೀವು ಟಿ.ವಿ.ಯಲ್ಲಿ ನೋಡಿರಬಹುದು.

ಆಟದಲ್ಲಿ ಎರಡು ತಂಡ. ಒಂದೊಂದು ತಂಡದಲ್ಲಿ 11 ಜನ. ಚೆಂಡನ್ನು ಕಾಲಿನಿಂದ ಒದೀಬೇಕು. ತಲೆಯಿಂದಲೂ ಹೊಡೀಬಹುದು. ಆದರೆ ಕೈ ತಾಗಿಸುವ ಹಾಗಿಲ್ಲ. ಮೈದಾನದ ಎರಡು ತುದಿಗೆ ಎರಡು ಗೋಲು. ಗೋಲು ಅಂದರೆ ಬಾಗಿಲು ಇಲ್ಲದ ಚೌಕಟ್ಟು. ಅದರ ಎತ್ತರ 8 ಅಡಿ, ಅಗಲ 24 ಅಡಿ. ಎದುರು ತಂಡದ ಚೌಕಟ್ಟಿನೊಳಗೆ ಚೆಂಡು ಹೋದರೆ ಒಂದು ಗೋಲು ಆಯಿತು ಅಂತ ಲೆಕ್ಕ.

ಅಷ್ಟು ದೊಡ್ಡ ಬಾಗಿಲಿಗೆ ಒಬ್ಬನೇ ಕಾವಲುಗಾರ. ಅವನಿಗೆ ಗೋಲ್ ಕೀಪರ್ ಅಂತಾರೆ. ಅವನು ಮಾತ್ರ ಬಾಗಿಲ ಮುಂದಿನ ಜಾಗದಲ್ಲಿ ಚೆಂಡನ್ನು ಕೈಯಿಂದ ಹಿಡೀಬಹುದು.

ಒಟ್ಟು ಆಟ 90 ನಿಮಿಷ. ಅರ್ಧ ಆಟ ಆದ ಮೇಲೆ ಸ್ವಲ್ಪ ವಿರಾಮ. ಒಂದು ಗೋಲು ಹೊಡೆಯೋದು ಅಂದರೆ ಹುಡುಗಾಟ ಅಲ್ಲ. ಒಂದೊಂದು ಸಲ 90 ನಿಮಿಷ ಓಡಿದರೂ ಯಾರಿಗೂ ಒಂದು ಗೋಲು ಸಿಗೋದಿಲ್ಲ.

ಇಷ್ಟು ತಿಳಿದರೆ ಸಾಕು. ಈಗ ಈ ಆಟ ಆಡಿದ ಕಾಲೇಜಿನ ಬಗ್ಗೆ ತಿಳಿಯೋಣ. ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

2. ಅಕ್ಷರ ಕಲಿತರೆ ಶಿಕ್ಷೆ

ಒಂದು ಕಾಲದಲ್ಲಿ ಅಮೆರಿಕದಲ್ಲಿ ಗುಲಾಮ ಪದ್ಧತಿ ಇತ್ತು. ಆಫ್ರಿಕಾ ಖಂಡದಿಂದ ಕಪ್ಪು ಜನರನ್ನು ಹಿಡಿದು ಹಡಗಿನಲ್ಲಿ ತುಂಬಿ ತರುತ್ತಿದ್ದರು. ಸಂತೆಯಲ್ಲಿ ದನ ಮಾರುವ ಹಾಗೆ ಮನುಷ್ಯರನ್ನು ಮಾರುತ್ತಿದ್ದರು. ಅವರು ಹತ್ತಿ ಹೊಲದಲ್ಲಿ, ಹೊಗೆಸೊಪ್ಪಿನ ಹೊಲದಲ್ಲಿ ದುಡಿಯಬೇಕು. ಕೂಲಿ ಇಲ್ಲ. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿದರೂ ಕೇಳುವವರಿಲ್ಲ.

ಯಜಮಾನರಿಗೆ ಒಂದು ಭಯ ಇತ್ತು. ಗುಲಾಮರು ಓದು ಕಲಿತರೆ ಏನು ಗತಿ? ಕಾಗದ ಓದುತ್ತಾರೆ. ಸುದ್ದಿ ತಿಳಿಯುತ್ತಾರೆ. ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ದಕ್ಷಿಣದ ಹಲವು ರಾಜ್ಯಗಳು ಕಾನೂನು ಮಾಡಿದವು. ಗುಲಾಮರಿಗೆ ಅಕ್ಷರ ಕಲಿಸಬಾರದು!

ಉತ್ತರ ಕ್ಯಾರೊಲಿನಾ ಅಂತ ಒಂದು ರಾಜ್ಯ. ಅಲ್ಲಿ 1830ರಲ್ಲಿ ಇಂಥ ಕಾನೂನು ಬಂತು. ಗುಲಾಮರಿಗೆ ಓದು ಕಲಿಸಿದವನು ಬಿಳಿಯನಾದರೆ 100ರಿಂದ 200 ಡಾಲರ್ ದಂಡ, ಇಲ್ಲವೇ ಜೈಲು. ಕಲಿಸಿದವನು ಗುಲಾಮನೇ ಆದರೆ ಬರಿ ಬೆನ್ನಿಗೆ 39 ಛಡಿ ಏಟು.

ಯೋಚನೆ ಮಾಡಿ ಅಕ್ಕ. ಅ, ಆ ಹೇಳಿಕೊಟ್ಟಿದ್ದಕ್ಕೆ 39 ಏಟು!

ಆದರೂ ಜನ ಕಲಿಯೋದು ಬಿಡಲಿಲ್ಲ. ಕದ್ದು ಕಲಿತರು. ರಾತ್ರಿ ಕಲಿತರು. ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಎಂಬಲ್ಲಿ ಮೇರಿ ಪೀಕ್ ಅಂತ ಒಬ್ಬ ಕಪ್ಪು ಹೆಣ್ಣುಮಗಳಿದ್ದರು. 1861ರಲ್ಲಿ ಅವರು ಒಂದು ದೊಡ್ಡ ಓಕ್ ಮರದ ಕೆಳಗೆ ಪಾಠ ಶುರು ಮಾಡಿದರು. ಹಗಲು ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಪಾಠ. ಮರುವರ್ಷವೇ ಅವರು ಕ್ಷಯ ರೋಗದಿಂದ ತೀರಿಕೊಂಡರು. ಆದರೆ ಆ ಮರ ಇವತ್ತಿಗೂ ಅಲ್ಲಿದೆ. ಅದರ ಸುತ್ತ ಈಗ ಒಂದು ವಿಶ್ವವಿದ್ಯಾಲಯವೇ ಬೆಳೆದಿದೆ.

1865ರಲ್ಲಿ ಅಮೆರಿಕದಲ್ಲಿ ಗುಲಾಮ ಪದ್ಧತಿ ಕಾನೂನಿನ ಪ್ರಕಾರ ಕೊನೆಯಾಯಿತು.

3. ಹೋವರ್ಡ್ ಹುಟ್ಟಿತು

ಬಿಡುಗಡೆ ಆದ ಜನರಿಗೆ ಮೊದಲು ಬೇಕಾದದ್ದು ಏನು? ಅನ್ನ ಬೇಕು, ನೆಲ ಬೇಕು. ಅದರ ಜೊತೆಗೆ ಓದು ಬೇಕು. ಅವರಲ್ಲೇ ಮಾಸ್ತರರು, ವೈದ್ಯರು, ವಕೀಲರು ತಯಾರಾಗಬೇಕು.

1867ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಂದು ವಿಶ್ವವಿದ್ಯಾಲಯ ಶುರುವಾಯಿತು. ಅದರ ಹೆಸರು ಹೋವರ್ಡ್ ವಿಶ್ವವಿದ್ಯಾಲಯ. ಆಲಿವರ್ ಹೋವರ್ಡ್ ಎಂಬ ಸೇನಾಧಿಕಾರಿಯ ಹೆಸರನ್ನೇ ಅದಕ್ಕೆ ಇಟ್ಟರು. ಬಿಡುಗಡೆ ಆದ ಗುಲಾಮರ ನೆರವಿಗೆ ಸರ್ಕಾರ ಒಂದು ಇಲಾಖೆ ಮಾಡಿತ್ತು. ಅವರು ಅದರ ಮುಖ್ಯಸ್ಥರಾಗಿದ್ದರು. ಕಪ್ಪು ಜನರಿಗಾಗಿ ಹುಟ್ಟಿದರೂ ಹೋವರ್ಡ್‌ನ ಬಾಗಿಲು ಎಲ್ಲರಿಗೂ ತೆರೆದಿತ್ತು. ಗಂಡು, ಹೆಣ್ಣು, ಕಪ್ಪು, ಬಿಳಿ ಎಂಬ ಭೇದ ಇರಲಿಲ್ಲ.

ಅಲ್ಲಿ ಓದಿದವರಲ್ಲಿ ದೊಡ್ಡ ದೊಡ್ಡವರು ಇದ್ದಾರೆ. ಟೋನಿ ಮಾರಿಸನ್ ಎಂಬ ಲೇಖಕಿ ಅಲ್ಲೇ ಓದಿದರು. ಅವರಿಗೆ 1993ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದ ಕಮಲಾ ಹ್ಯಾರಿಸ್ ಕೂಡ ಹೋವರ್ಡ್‌ನ ವಿದ್ಯಾರ್ಥಿನಿ. ಅವರ ತಾಯಿ ನಮ್ಮ ಪಕ್ಕದ ಮದ್ರಾಸಿನಲ್ಲಿ ಹುಟ್ಟಿದವರು.

ಇಂಥ ಹೋವರ್ಡ್‌ನ ಹುಡುಗರ ಫುಟ್‌ಬಾಲ್ ತಂಡದ ಕತೆ ಇದು.

4. ಬಾಗಿಲು ಕಾದವರೇ ಗುರುವಾದರು

1970ರಲ್ಲಿ ತಂಡಕ್ಕೆ ಹೊಸ ಕೋಚ್ ಬಂದರು. ಕೋಚ್ ಅಂದರೆ ಆಟ ಕಲಿಸುವ ಗುರು. ಅವರ ಹೆಸರು ಲಿಂಕನ್ ಫಿಲಿಪ್ಸ್. ಊರು ಟ್ರಿನಿಡಾಡ್. ಕ್ರಿಕೆಟ್ ನೋಡುವ ನಿಮ್ಮ ಮಕ್ಕಳನ್ನು ಕೇಳಿ, ಬ್ರಯಾನ್ ಲಾರಾ ಅವರ ಊರು ಅಂತ ಹೇಳ್ತಾರೆ. ವೆಸ್ಟ್ ಇಂಡೀಸ್‌ನ ಒಂದು ದ್ವೀಪ ಅದು.

ಫಿಲಿಪ್ಸ್ ತಮ್ಮ ದೇಶದ ತಂಡದಲ್ಲಿ ಗೋಲ್ ಕೀಪರ್ ಆಗಿದ್ದರು. 1968ರಲ್ಲಿ ಆಡುವುದಕ್ಕೆಂದು ಅಮೆರಿಕಕ್ಕೆ ಬಂದರು. ಆಮೇಲೆ ಹೋವರ್ಡ್ ಸೇರಿದರು. ಆಗ ಅವರಿಗೆ 30 ವರ್ಷವೂ ತುಂಬಿರಲಿಲ್ಲ. ಹೋವರ್ಡ್‌ನಲ್ಲಿ ಅವರು ಆಟವನ್ನೂ ಕಲಿಸಿದರು, ಅಲ್ಲೇ ಓದಿ ಪದವಿಯನ್ನೂ ಪಡೆದರು.

ಅವರ ತಂಡದ ಹುಡುಗರು ಎಲ್ಲೆಲ್ಲಿಂದಲೋ ಬಂದವರು. ಕೆಲವರು ಟ್ರಿನಿಡಾಡ್, ಜಮೈಕಾ, ಬರ್ಮುಡಾ ದ್ವೀಪಗಳವರು. ಕೆಲವರು ಆಫ್ರಿಕಾದ ನೈಜೀರಿಯಾ, ಘಾನಾ ದೇಶಗಳವರು. ಎಲ್ಲರೂ ಕಪ್ಪು ಹುಡುಗರು. ಓದುವುದಕ್ಕೆಂದು ಮನೆ ಮಠ ಬಿಟ್ಟು ಬಂದವರು. ಒಬ್ಬೊಬ್ಬರ ಊಟ ಬೇರೆ, ಮಾತಿನ ರೀತಿ ಬೇರೆ, ಆಡುವ ರೀತಿಯೂ ಬೇರೆ. ಹತ್ತು ಊರಿನ ಹೆಣ್ಣುಮಕ್ಕಳು ಒಂದೇ ಮನೆಗೆ ಸೊಸೆಯರಾಗಿ ಬಂದ ಹಾಗೆ! ಇವರನ್ನೆಲ್ಲ ಒಂದು ತಂಡ ಮಾಡಬೇಕು. ಫಿಲಿಪ್ಸ್ ಅದನ್ನು ಮಾಡಿದರು.

5. 1971: ಮೊದಲ ಗೆಲುವು

ಅಮೆರಿಕದಲ್ಲಿ ಕಾಲೇಜು ಆಟಗಳನ್ನು ನಡೆಸುವ ಒಂದು ದೊಡ್ಡ ಸಂಘ ಇದೆ. ಅದಕ್ಕೆ ಎನ್.ಸಿ.ಎ.ಎ. ಅಂತಾರೆ. ನಾವು ಇಲ್ಲಿ ಅದನ್ನು ಕ್ರೀಡಾ ಸಂಘ ಅಂತ ಕರೆಯೋಣ. ಈ ಸಂಘ 1959ರಿಂದ ಪ್ರತಿ ವರ್ಷ ಕಾಲೇಜು ಹುಡುಗರ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಾ ಬಂದಿದೆ. ಗೆದ್ದ ತಂಡಕ್ಕೆ ಇಡೀ ದೇಶದ ಪಟ್ಟ.

ಆ ಕಾಲದಲ್ಲಿ ಎಲ್ಲರಿಗಿಂತ ಗಟ್ಟಿ ತಂಡ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ್ದು. 1959ರಿಂದ 1970ರವರೆಗೆ 12 ವರ್ಷ. ಅದರಲ್ಲಿ 8 ಸಲ ಪಟ್ಟ ಅವರಿಗೇ ಸಿಕ್ಕಿತ್ತು. ಒಂದು ಸಲ ಮಾತ್ರ ಇನ್ನೊಂದು ತಂಡದ ಜೊತೆ ಹಂಚಿಕೊಂಡಿದ್ದರು. ಅವರ ತಂಡದ ಹುಡುಗರು ಬಿಳಿಯರು. ಫುಟ್‌ಬಾಲ್ ಅಂದರೆ ಅವರ ಊರಿನಲ್ಲಿ ಹಬ್ಬ.

1971ರಲ್ಲಿ ಹೋವರ್ಡ್ ಹುಡುಗರು ಒಂದೊಂದೇ ತಂಡವನ್ನು ಸೋಲಿಸುತ್ತಾ ಬಂದರು. ಸೆಮಿಫೈನಲ್‌ನಲ್ಲಿ ಹಾರ್ವರ್ಡ್ ಎದುರಾಯಿತು. ಹೆಸರು ಹತ್ತಿರ ಹತ್ತಿರ ಇದೆ, ನೋಡಿ ಓದಿ. ಹೋವರ್ಡ್ ಬೇರೆ, ಹಾರ್ವರ್ಡ್ ಬೇರೆ. ಹಾರ್ವರ್ಡ್ ಅಮೆರಿಕದ ತುಂಬ ಹಳೆಯ, ತುಂಬ ಶ್ರೀಮಂತ ವಿಶ್ವವಿದ್ಯಾಲಯ. ಅವರನ್ನು ಹೋವರ್ಡ್ ಹುಡುಗರು 1 ಗೋಲಿನಿಂದ ಸೋಲಿಸಿದರು.

ಕೊನೆಯ ಪಂದ್ಯ ಸೇಂಟ್ ಲೂಯಿಸ್ ತಂಡದ ಜೊತೆ. ದಿನ 30ನೇ ಡಿಸೆಂಬರ್ 1971. ಜಾಗ ಮಯಾಮಿ ನಗರ. ಹೋವರ್ಡ್‌ಗೆ 3 ಗೋಲು, ಸೇಂಟ್ ಲೂಯಿಸ್‌ಗೆ 2 ಗೋಲು. ಹೋವರ್ಡ್ ಗೆದ್ದಿತು!

ಇದು ಸಣ್ಣ ಗೆಲುವಲ್ಲ. ಕಪ್ಪು ಜನರಿಗಾಗಿ ಹುಟ್ಟಿದ ಕಾಲೇಜುಗಳು ಅಮೆರಿಕದಲ್ಲಿ ಬಹಳ ಇವೆ. ಅವುಗಳಲ್ಲಿ ಯಾವುದಕ್ಕೂ ಆ ಸಂಘದ ಮೇಲಿನ ದರ್ಜೆಯ ಪಟ್ಟ, ಯಾವ ಆಟದಲ್ಲೂ, ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಹೋವರ್ಡ್‌ನದೇ ಮೊದಲನೆಯದು.

6. ಪಟ್ಟ ಹೋಯಿತು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆ ನಿಮಗೆ ಗೊತ್ತೇ ಇದೆ.

ಪಟ್ಟ ಗೆದ್ದ ಮೇಲೆ ಕ್ರೀಡಾ ಸಂಘ ಹೋವರ್ಡ್ ಆಟಗಾರರ ಬಗ್ಗೆ ವಿಚಾರಣೆ ನಡೆಸಿತು. ಕೆಲವು ಹುಡುಗರಿಗೆ ಆಡುವ ಅರ್ಹತೆ ಇರಲಿಲ್ಲ ಅಂತ ಹೇಳಿತು. 1973ರಲ್ಲಿ ಹೋವರ್ಡ್‌ನ 1971ರ ಪಟ್ಟ ರದ್ದಾಯಿತು. ಆ ವರ್ಷ ದೇಶದ ಪಟ್ಟಕ್ಕಾಗಿ ನಡೆಯುವ ಪಂದ್ಯಾವಳಿಯಲ್ಲಿ ಆಡುವ ಹಾಗಿಲ್ಲ ಎಂಬ ಶಿಕ್ಷೆಯೂ ಆಯಿತು.

ಯಾವ ನಿಯಮ ಮುರಿದರು ಅಂತ? ಮುಖ್ಯವಾಗಿ ಮೂರು ನಿಯಮ. ಒಂದೊಂದಾಗಿ ನೋಡೋಣ.

ಮೊದಲನೆಯದು, ಪರದೇಶದ ಹುಡುಗರ ನಿಯಮ. ಪರದೇಶದ ಹುಡುಗ 19 ವರ್ಷ ತುಂಬಿದ ಮೇಲೆ ತನ್ನ ಊರಿನ ಯಾವುದಾದರೂ ತಂಡದಲ್ಲಿ ಆಡಿದ್ದರೆ, ಹಾಗೆ ಆಡಿದ ಪ್ರತಿ ವರ್ಷವನ್ನೂ ಅವನ ಕಾಲೇಜು ಆಟದ ಲೆಕ್ಕದಲ್ಲಿ ಕಳೆಯಬೇಕು.

ಎರಡನೆಯದು, ಐದು ವರ್ಷದ ನಿಯಮ. ಹುಡುಗ ಮೊದಲು ಕಾಲೇಜು ಸೇರಿದ ದಿನದಿಂದ ಐದು ವರ್ಷದ ಒಳಗೆ ಅವನ ಕಾಲೇಜು ಆಟ ಮುಗಿಯಬೇಕು.

ಮೂರನೆಯದು, ಅಂಕದ ನಿಯಮ. ಕಾಲೇಜು ಸೇರುವ ಹುಡುಗನಿಗೆ ಮುಂದೆ ಎಷ್ಟು ಅಂಕ ಬರಬಹುದು ಅಂತ ಪರೀಕ್ಷೆ ಮಾಡಿ ಮೊದಲೇ ಲೆಕ್ಕ ಹಾಕಿರಬೇಕು. ಹೊರದೇಶದಿಂದ ಬಂದ ಕೆಲವು ಹುಡುಗರು ಆ ಪರೀಕ್ಷೆ ಬರೆದಿರಲಿಲ್ಲ.

ನೋಡಿ, ಆ ಹುಡುಗರು ಮೈದಾನದಲ್ಲಿ ಮೋಸ ಮಾಡಿದರು ಅಂತ ಯಾರೂ ಹೇಳಲಿಲ್ಲ. ಹಣ ಕೊಟ್ಟು ಗೆದ್ದರು ಅಂತಲೂ ಹೇಳಲಿಲ್ಲ. ತಪ್ಪು ಇದ್ದದ್ದು ಕಾಗದದಲ್ಲಿ, ವರ್ಷದ ಲೆಕ್ಕದಲ್ಲಿ.

ಹುಡುಗರಿಗೆ ಎಷ್ಟು ನೋವಾಗಿರಬೇಕು! ಬೆವರು ಸುರಿಸಿ ಗೆದ್ದದ್ದು. ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದರು. ಪರದೇಶದ ಆಟಗಾರರು ಬೇರೆ ಕಾಲೇಜುಗಳಲ್ಲೂ ಇದ್ದರು. ನಮ್ಮದು ಕಪ್ಪು ಜನರ ಕಾಲೇಜು, ಅದಕ್ಕೇ ನಮ್ಮ ಮೇಲೆ ಕಣ್ಣು ಅಂತ ಹೋವರ್ಡ್‌ನವರಿಗೆ ಅನಿಸಿತು.

7. ಸುಮ್ಮನೆ ಕೂರಲಿಲ್ಲ

ಆಗ ಅವರು ಏನು ಮಾಡಬಹುದಿತ್ತು? ಅಳಬಹುದಿತ್ತು. ಕಲ್ಲು ತೂರಬಹುದಿತ್ತು. ಹಣೆಬರಹ ಅಂತ ಸುಮ್ಮನಾಗಬಹುದಿತ್ತು. ಅವರು ಎರಡು ಕೆಲಸ ಮಾಡಿದರು.

ಒಂದು, ಹೋವರ್ಡ್ ವಿಶ್ವವಿದ್ಯಾಲಯ ಕ್ರೀಡಾ ಸಂಘದ ಮೇಲೆ ಕೋರ್ಟಿಗೆ ಹೋಯಿತು. ನಿಯಮಗಳನ್ನೇ ನ್ಯಾಯಾಧೀಶರ ಮುಂದೆ ಇಟ್ಟು, ಇವು ಸರಿಯೇ ಅಂತ ಕೇಳಿತು.

1973ರಲ್ಲಿ ವಾಷಿಂಗ್ಟನ್ ಕೋರ್ಟಿನ ತೀರ್ಪು ಬಂತು. ಪರದೇಶದ ಹುಡುಗರ ನಿಯಮ ನ್ಯಾಯವಲ್ಲ ಅಂತ ಕೋರ್ಟು ಹೇಳಿತು. ಯಾಕೆ? ಅಮೆರಿಕದ ಹುಡುಗ 19 ವರ್ಷ ಆದ ಮೇಲೆ ಊರ ತಂಡದಲ್ಲಿ ಆಡಿದರೆ ಅವನ ವರ್ಷ ಕಳೆಯೋದಿಲ್ಲ. ಪರದೇಶದ ಹುಡುಗ ಆಡಿದರೆ ಮಾತ್ರ ಕಳೀತಾರೆ. ಒಂದೇ ಕೆಲಸಕ್ಕೆ ಒಬ್ಬನಿಗೆ ಒಂದು ಅಳತೆ, ಇನ್ನೊಬ್ಬನಿಗೆ ಇನ್ನೊಂದು ಅಳತೆ. ಇದು ಆಗಬಾರದು ಅಂತ ತೀರ್ಪು. ಮೇಲಿನ ಕೋರ್ಟು ಕೂಡ 1975ರಲ್ಲಿ ಇದೇ ತೀರ್ಪನ್ನು ಒಪ್ಪಿತು.

ಆದರೆ ಉಳಿದ ಎರಡು ನಿಯಮ ಸರಿಯಾಗಿವೆ ಅಂತ ಕೋರ್ಟು ಹೇಳಿತು. ಐದು ವರ್ಷದ ನಿಯಮ ಉಳಿಯಿತು. ಅಂಕದ ನಿಯಮವೂ ಉಳಿಯಿತು. ಆದ್ದರಿಂದ 1971ರ ಪಟ್ಟ ವಾಪಸ್ ಬರಲಿಲ್ಲ. ಕ್ರೀಡಾ ಸಂಘದ ದಾಖಲೆಯಲ್ಲಿ ಆ ವರ್ಷದ ಪಟ್ಟದ ಜಾಗ ಖಾಲಿ.

ಅರ್ಧ ಗೆಲುವು, ಅರ್ಧ ಸೋಲು. ಆದರೂ ಆ ಅರ್ಧ ಗೆಲುವಿಗೆ ಬೆಲೆ ಇದೆ. ಪರದೇಶದಿಂದ ಓದಲು ಬರುವ ಹುಡುಗನಿಗೆ ಬೇರೆ ಅಳತೆ ಇಡಬಾರದು ಎಂಬ ಮಾತು ಕೋರ್ಟಿನ ಕಾಗದದಲ್ಲಿ ಬರೆದಾಯಿತು. ಅದರ ಲಾಭ ಹೋವರ್ಡ್ ಹುಡುಗರಿಗೆ ಮಾತ್ರ ಅಲ್ಲ, ಹೊರಗಿಂದ ಬಂದ ಬೇರೆಯವರಿಗೂ ಸಿಗುವಂಥದ್ದು.

ಎರಡನೆಯ ಕೆಲಸ ಮೈದಾನದಲ್ಲಿ ಆಯಿತು. ಕೊಟ್ಟ ಪಟ್ಟವನ್ನು ಕಾಗದ ಕಿತ್ತುಕೊಳ್ಳಬಹುದು. ಕಾಲಿನಲ್ಲಿರುವ ಆಟವನ್ನು ಯಾವ ಕಾಗದವೂ ಕಿತ್ತುಕೊಳ್ಳಲಾರದು. ಮತ್ತೆ ಗೆಲ್ಲಬೇಕು ಅಂತ ಫಿಲಿಪ್ಸ್ ಮತ್ತು ಹುಡುಗರು ಪಣ ತೊಟ್ಟರು.

8. 1974: ಎಲ್ಲ ಪಂದ್ಯವೂ ಗೆಲುವು

1974 ಬಂತು. ಶಿಕ್ಷೆಯ ವರ್ಷ ಮುಗಿದಿತ್ತು. ಹೋವರ್ಡ್ ಮತ್ತೆ ದೇಶದ ಪಟ್ಟಕ್ಕೆ ಆಡಬಹುದು.

1971ರಲ್ಲಿ ಗೆದ್ದ ಹುಡುಗರಲ್ಲಿ ಹಲವರು ಓದು ಮುಗಿಸಿ ಹೋಗಿದ್ದರು. ಹೊಸಬರು ಬಂದಿದ್ದರು. ಹೊಸಬರು ಹಳೆಯ ನೋವನ್ನು ತಮ್ಮದೇ ಅಂದುಕೊಂಡರು. ಮನೆಯ ಮಾನ ಹೋದರೆ ಹೊಸದಾಗಿ ಬಂದ ಸೊಸೆಗೂ ನೋವಾಗೋದಿಲ್ಲವೇ? ಹಾಗೆ.

ಮೊದಲ ಪಂದ್ಯ ಗೆದ್ದರು. ಎರಡನೆಯದು ಗೆದ್ದರು. ಹತ್ತು ಆಯಿತು, ಹನ್ನೆರಡು ಆಯಿತು. ಒಂದೂ ಸೋಲಿಲ್ಲ. ಫುಟ್‌ಬಾಲ್‌ನಲ್ಲಿ ಸರಿಸಮ ಆಗುವುದು ಮಾಮೂಲು. ಎರಡು ತಂಡಕ್ಕೂ ಒಂದೇ ಲೆಕ್ಕದ ಗೋಲು ಆದರೆ ಯಾರೂ ಗೆದ್ದ ಹಾಗಲ್ಲ, ಯಾರೂ ಸೋತ ಹಾಗಲ್ಲ. ಆ ವರ್ಷ ಹೋವರ್ಡ್‌ಗೆ ಅದೂ ಆಗಲಿಲ್ಲ. ಎಲ್ಲ ಪಂದ್ಯದಲ್ಲೂ ಗೆಲುವೇ ಗೆಲುವು.

ಹಾಗೆ 18 ಪಂದ್ಯ ಗೆದ್ದು ಫೈನಲ್‌ಗೆ ಬಂದರು. ಎದುರಿಗೆ ಯಾರು? ಮತ್ತೆ ಅದೇ ಸೇಂಟ್ ಲೂಯಿಸ್!

ನಡುವಿನ ಎರಡು ವರ್ಷ, 1972 ಮತ್ತು 1973ರಲ್ಲಿ, ಸೇಂಟ್ ಲೂಯಿಸ್ ತಂಡವೇ ಪಟ್ಟ ಗೆದ್ದಿತ್ತು. ಅವರ ಹೆಸರಿನಲ್ಲಿ ಆಗ 10 ಪಟ್ಟ ಇದ್ದವು. ಸಾಲದ್ದಕ್ಕೆ 1974ರ ಫೈನಲ್ ನಡೆದದ್ದು ಸೇಂಟ್ ಲೂಯಿಸ್ ನಗರದಲ್ಲೇ. ಅಂದರೆ ಅವರದೇ ಊರು. ಅವರದೇ ಮೈದಾನ. ನೋಡಲು ಬಂದವರೂ ಹೆಚ್ಚಾಗಿ ಅವರದೇ ಜನ.

9. ಕೊನೆಯ ಪಂದ್ಯ

ಅದು ಡಿಸೆಂಬರ್ ತಿಂಗಳು. ಬುಷ್ ಸ್ಟೇಡಿಯಂ ಎಂಬ ದೊಡ್ಡ ಮೈದಾನ.

ಆಟ ಶುರುವಾಯಿತು. 90 ನಿಮಿಷ ಮುಗಿಯಿತು. ಹೋವರ್ಡ್‌ಗೆ 1 ಗೋಲು. ಸೇಂಟ್ ಲೂಯಿಸ್‌ಗೆ 1 ಗೋಲು. ಸರಿಸಮ.

ಪಟ್ಟದ ಪಂದ್ಯ ಸರಿಸಮ ಆಗಿ ಮುಗಿದರೆ ಆಗದು. ಆದ್ದರಿಂದ ಹೆಚ್ಚಿನ ಸಮಯ ಕೊಟ್ಟು ಆಡಿಸಿದರು. ಮೊದಲ ಹೆಚ್ಚಿನ ಆಟ ಮುಗಿಯಿತು. ಗೋಲು ಇಲ್ಲ. ಎರಡನೆಯದು ಮುಗಿಯಿತು. ಗೋಲು ಇಲ್ಲ. ಮೂರನೆಯದೂ ಮುಗಿಯಿತು. ಆಗಲೂ ಗೋಲು ಇಲ್ಲ.

ಇಷ್ಟು ಹೊತ್ತು ಓಡಿದರೆ ಕಾಲು ಏನಾಗಬೇಕು? ದಿನವಿಡೀ ನಾಟಿ ಮಾಡಿದವರಿಗೆ ಗೊತ್ತು. ಸೊಂಟ ಬಗ್ಗೋದಿಲ್ಲ, ಕಾಲು ಏಳೋದಿಲ್ಲ. ಆದರೂ ಗದ್ದೆಯಲ್ಲಿ ಇನ್ನೊಂದು ಸಾಲು ಉಳಿದಿದ್ದರೆ ಬಿಟ್ಟು ಬರ್ತೀವಾ? ಇಲ್ಲ. ಆ ಹುಡುಗರೂ ಹಾಗೇ ಆಡಿದರು.

ನಾಲ್ಕನೆಯ ಹೆಚ್ಚಿನ ಆಟ ಶುರುವಾಯಿತು. ಹೋವರ್ಡ್‌ನ ಕೆನೆತ್ ಇಲೊಡಿಗ್ವೆ ಎಂಬ ಹುಡುಗ ಚೆಂಡನ್ನು ಗೋಲಿಗೆ ಸೇರಿಸಿದ. ಅವನು ನೈಜೀರಿಯಾ ದೇಶದವನು. ಹೋವರ್ಡ್ 2, ಸೇಂಟ್ ಲೂಯಿಸ್ 1.

ಆಟ ಮುಗಿಯಿತು. ಹೋವರ್ಡ್ ಗೆದ್ದಿತು. ಆ ವರ್ಷ ಆಡಿದ ಪಂದ್ಯ 19. ಗೆದ್ದದ್ದು 19. ಸೋಲು ಸೊನ್ನೆ. ಸರಿಸಮ ಸೊನ್ನೆ.

ಈ ಪಟ್ಟವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳಲು ಕಾರಣವೂ ಸಿಗಲಿಲ್ಲ. 1974ರ ಸಾಲಿನಲ್ಲಿ ಹೋವರ್ಡ್ ಹೆಸರು ಇವತ್ತಿಗೂ ಇದೆ. ಎಷ್ಟೋ ವರ್ಷ ಆದ ಮೇಲೆ, 2016ರಲ್ಲಿ, ಈ ತಂಡದ ಕತೆಯ ಮೇಲೆ ಒಂದು ಚಿತ್ರವೂ ಬಂತು.

10. ನಾವು ತಿಳಿಯಬೇಕಾದ್ದು

ಅಕ್ಕ ತಂಗಿಯರೇ, ಈಗ ಸ್ವಲ್ಪ ಯೋಚನೆ ಮಾಡೋಣ.

ಕಷ್ಟಪಟ್ಟರೆ ಗೆಲುವು ಸಿಗುತ್ತದೆ ಅಂತ ಎಲ್ಲರೂ ಹೇಳ್ತಾರೆ. ಅದು ನಿಜ. ಆದರೆ ಈ ಕತೆಯಲ್ಲಿ ಇನ್ನೊಂದು ಮಾತೂ ಇದೆ. 1971ರಲ್ಲಿ ಆ ಹುಡುಗರು ಕಷ್ಟಪಟ್ಟರು, ಗೆದ್ದರು. ಆದರೂ ಗೆಲುವು ಹೋಯಿತು. ಯಾಕೆ ಹೋಯಿತು? ಕಾಗದದಲ್ಲಿ ಬರೆದ ನಿಯಮದಿಂದ. ಮೈದಾನದಲ್ಲಿ ಎಷ್ಟು ಆಡಿದರೂ ಕಾಗದದಲ್ಲಿ ಏನಿದೆ ಅಂತ ತಿಳಿದಿರಬೇಕು. ಕಾಗದವೂ ಒಂದು ಮೈದಾನವೇ.

ನಮ್ಮ ಬದುಕಿನಲ್ಲೂ ಹೀಗೇ ಅಲ್ಲವೇ? ಸಂಘದಲ್ಲಿ ಸಾಲ ತಗೊಳ್ತೀವಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೆವು, ಈಗ ಸಹಿ ಹಾಕ್ತೀವಿ. ಸಹಿ ಹಾಕುವ ಮುಂಚೆ ಓದಿದೆವಾ? ಬಡ್ಡಿ ಎಷ್ಟು, ಕಂತು ಎಷ್ಟು ಅಂತ ನೋಡಿದೆವಾ? ಪಹಣಿಯಲ್ಲಿ ಯಾರ ಹೆಸರಿದೆ ಅಂತ ನೋಡಿದೆವಾ? "ರೂಲ್ಸ್ ಪ್ರಕಾರ ನಿಮಗೆ ಬರೋದಿಲ್ಲ" ಅಂತ ಯಾರಾದರೂ ಅಂದರೆ ತಲೆ ತಗ್ಗಿಸಿ ಬರ್ತೀವಿ. "ಯಾವ ರೂಲ್ಸು? ಎಲ್ಲಿ ಬರೆದಿದೆ? ತೋರಿಸಿ" ಅಂತ ಕೇಳಬಹುದು. ಅದು ಜಗಳ ಅಲ್ಲ. ಅದು ನಮ್ಮ ಹಕ್ಕು.

ಓದಿ ನೋಡಿದ ಮೇಲೆ ನಿಯಮ ಸರಿ ಇದೆ ಅಂತ ಗೊತ್ತಾದರೆ ಒಪ್ಪಬೇಕು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಅಳತೆ ಇದ್ದರೆ ಪ್ರಶ್ನೆ ಮಾಡಬೇಕು. ಹೋವರ್ಡ್‌ನವರು ಕೋರ್ಟಿನಲ್ಲಿ ಪೂರಾ ಗೆಲ್ಲಲಿಲ್ಲ. ಆದರೆ ಕೇಳಿದ್ದರಿಂದಲೇ ಒಂದು ತಪ್ಪು ನಿಯಮ ಬಿದ್ದುಹೋಯಿತು. ಕೇಳದಿದ್ದರೆ ಅದೂ ಆಗುತ್ತಿರಲಿಲ್ಲ.

ಇನ್ನು ಒಂದು ಮಾತು. ಅ, ಆ ಕಲಿಸಿದ್ದಕ್ಕೆ ಛಡಿ ಏಟು ತಿಂದ ಜನರಿದ್ದರು. ಅಂಥ ಜನರಿಗಾಗಿ ಹುಟ್ಟಿದ ಕಾಲೇಜು ಇದು. ಕಲಿತದ್ದನ್ನು ಯಾರೂ ವಾಪಸ್ ಕಿತ್ತುಕೊಳ್ಳಲಾರರು ಅಂತ ಯಜಮಾನರಿಗೆ ಗೊತ್ತಿತ್ತು. ಅದಕ್ಕೇ ಕಲಿಯುವುದನ್ನೇ ತಡೆದರು. ನೀವು ಈ ಪುಟದವರೆಗೆ ಓದಿದ್ದೀರಿ. ಈ ಓದು ಈಗ ನಿಮ್ಮದು. ಯಾರೂ ರದ್ದು ಮಾಡುವ ಹಾಗಿಲ್ಲ.

ಪದಗಳ ಅರ್ಥ

ಪಟ್ಟ: ಎಲ್ಲರಿಗಿಂತ ಮೇಲು ಎಂಬ ಗೌರವ
ಗುಲಾಮ: ಕೂಲಿ ಇಲ್ಲದೆ ದುಡಿಯುವವ, ಮಾರಾಟವಾದ ಮನುಷ್ಯ
ಛಡಿ: ಹೊಡೆಯುವ ಬೆತ್ತ, ಚಾಟಿ
ಪಂದ್ಯಾವಳಿ: ಹಲವು ತಂಡಗಳ ಪಂದ್ಯಗಳ ಸಾಲು
ಅರ್ಹತೆ: ಯೋಗ್ಯತೆ
ರದ್ದು: ಇಲ್ಲ ಅಂತ ಮಾಡುವುದು
ತೀರ್ಪು: ನ್ಯಾಯಾಧೀಶರು ಕೊಡುವ ಕೊನೆಯ ಮಾತು
ಪಣ ತೊಡು: ಮಾಡಿಯೇ ತೀರುತ್ತೇನೆ ಅಂತ ಗಟ್ಟಿ ಮನಸ್ಸು ಮಾಡು

ಓದಿ, ಉತ್ತರ ಹೇಳಿ

1. ಫುಟ್‌ಬಾಲ್ ತಂಡದಲ್ಲಿ ಎಷ್ಟು ಜನ ಆಡುತ್ತಾರೆ?
2. ಮೇರಿ ಪೀಕ್ ಎಲ್ಲಿ ಪಾಠ ಮಾಡಿದರು? ಯಾರು ಯಾರಿಗೆ ಕಲಿಸಿದರು?
3. ಲಿಂಕನ್ ಫಿಲಿಪ್ಸ್ ಯಾವ ಊರಿನವರು?
4. ಕೋರ್ಟು ಯಾವ ನಿಯಮವನ್ನು ತಪ್ಪು ಅಂತ ಹೇಳಿತು? ಯಾಕೆ?
5. 1974ರ ಕೊನೆಯ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದವರು ಯಾರು?

ಬಿಟ್ಟ ಜಾಗ ತುಂಬಿ

1. ಹೋವರ್ಡ್ ವಿಶ್ವವಿದ್ಯಾಲಯ ಶುರುವಾದ ವರ್ಷ ........
2. 1971ರ ಕೊನೆಯ ಪಂದ್ಯ ನಡೆದ ನಗರ ........
3. 1974ರಲ್ಲಿ ಹೋವರ್ಡ್ ಗೆದ್ದ ಪಂದ್ಯಗಳು ........

ಲೆಕ್ಕ ಮಾಡಿ

1. ಹೋವರ್ಡ್ ಶುರುವಾದದ್ದು 1867ರಲ್ಲಿ. ಉಳಿದ ಪಟ್ಟ ಗೆದ್ದದ್ದು 1974ರಲ್ಲಿ. ನಡುವೆ ಎಷ್ಟು ವರ್ಷ?
2. 12 ವರ್ಷದಲ್ಲಿ 8 ಪಟ್ಟ ಸೇಂಟ್ ಲೂಯಿಸ್‌ಗೆ ಸಿಕ್ಕಿತು. ಅವರಿಗೆ ಪಟ್ಟ ಸಿಗದ ವರ್ಷ ಎಷ್ಟು?
3. ಗೋಲಿನ ಅಗಲ 24 ಅಡಿ. ನಿಮ್ಮ ಮನೆ ಬಾಗಿಲಿನ ಅಗಲ 3 ಅಡಿ ಇದ್ದರೆ, ಅಂಥ ಎಷ್ಟು ಬಾಗಿಲು ಸೇರಿದರೆ ಒಂದು ಗೋಲು ಆಗುತ್ತದೆ?

ಕೂತು ಮಾತಾಡೋಣ

1. ನಿಮ್ಮ ಊರಿನಲ್ಲಿ ಒಂದೇ ಕೆಲಸಕ್ಕೆ ಗಂಡಸರಿಗೆ ಒಂದು ಕೂಲಿ, ಹೆಂಗಸರಿಗೆ ಒಂದು ಕೂಲಿ ಇದೆಯಾ? ಅದು ಸರಿಯೇ?
2. ನೀವು ಸಹಿ ಹಾಕಿದ ಒಂದು ಕಾಗದವನ್ನು ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಅದನ್ನು ಪೂರ್ತಿ ಓದೋಣ.